ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸ್ಕ್ರಿಪ್ಟ್ ಫೈಲನ್ನು ಓದುವುದಿಲ್ಲ, ಎರರ್ ಕೂಡ ಬರುವುದಿಲ್ಲ. ಯಾಕೆ?

ಬಹುಮಟ್ಟಿಗೆ ಫೈಲ್ ತೆರೆದೇ ಇರುವುದಿಲ್ಲ. ಪರ್ಲ್‌ನಲ್ಲಿ ಫೈಲ್ ತೆರೆಯುವ ಓಪನ್ (open) ಆದೇಶ ವಿಫಲವಾದರೆ ಪ್ರೋಗ್ರಾಂ ತಾನಾಗಿ ನಿಲ್ಲುವುದಿಲ್ಲ. ಓಪನ್ 'ಆಗಲಿಲ್ಲ' ಎಂಬ ಮೌಲ್ಯವನ್ನು ಮರಳಿಸಿ, ಕಾರಣವನ್ನು $! ಎಂಬ ವೇರಿಯಬಲ್‌ನಲ್ಲಿ ಇಟ್ಟು ಸುಮ್ಮನಾಗುತ್ತದೆ. ನೀವು ಅದನ್ನು ಕೇಳದಿದ್ದರೆ ಫೈಲನ್ನು ಸಾಲುಸಾಲಾಗಿ ಓದುವ ಮುಂದಿನ ವೈಲ್ (while) ಲೂಪ್‌ಗೆ ಒಂದು ಸಾಲೂ ಸಿಗದೆ ಸ್ಕ್ರಿಪ್ಟ್ ಮುಗಿದುಹೋಗುತ್ತದೆ.

ಆದ್ದರಿಂದ ಓಪನ್ ಸಾಲಿನ ಕೊನೆಗೆ 'ಆರ್ ಡೈ' (or die, ಅಂದರೆ 'ಆಗದಿದ್ದರೆ ಸಂದೇಶ ತೋರಿಸಿ ನಿಲ್ಲು') ಸೇರಿಸಿ, ಸಂದೇಶದಲ್ಲಿ ಫೈಲಿನ ಹೆಸರು ಮತ್ತು $! ಎರಡನ್ನೂ ಹಾಕಿ. ಇಲ್ಲಿ 'ಆರ್' ಪದವನ್ನೇ ಬಳಸಿ. ಆವರಣ ಚಿಹ್ನೆ ಇಲ್ಲದೆ, 'ಆರ್' ಎಂದೇ ಅರ್ಥವಿರುವ || ಚಿಹ್ನೆ ಬರೆದರೆ ಅದು ಫೈಲಿನ ಹೆಸರಿಗೆ ಅಂಟಿಕೊಳ್ಳುತ್ತದೆ. ಹೆಸರು ಖಾಲಿ ಇಲ್ಲವಾದ್ದರಿಂದ ಡೈ ನಡೆಯುವುದೇ ಇಲ್ಲ. ಹೊಸಬರನ್ನು ಅತಿ ಹೆಚ್ಚು ಸತಾಯಿಸುವ ತಪ್ಪುಗಳಲ್ಲಿ ಇದೂ ಒಂದು.

ಸಂದೇಶದಲ್ಲಿ ಫೈಲಿನ ಹೆಸರನ್ನು ಉದ್ಧರಣ ಚಿಹ್ನೆಗಳ ನಡುವೆ ಇಡುವುದು ಒಳ್ಳೆಯ ಅಭ್ಯಾಸ. ಮುಚ್ಚುವ ಚಿಹ್ನೆ ಮುಂದಿನ ಸಾಲಿಗೆ ಜಾರಿದ್ದರೆ, ಹೆಸರಿನ ಕೊನೆಯಲ್ಲಿ ಎಂಟರ್ ಕೀಲಿಯ ಹೊಸಸಾಲು ಅಕ್ಷರ ಉಳಿದಿದೆ ಎಂದರ್ಥ. ಕೀಬೋರ್ಡಿನಿಂದ ಹೆಸರು ಪಡೆದ ಕೂಡಲೇ ಚಾಂಪ್ (chomp, ಕೊನೆಯ ಹೊಸಸಾಲು ಅಕ್ಷರವನ್ನು ತೆಗೆಯುವ ಆದೇಶ) ಮಾಡಿದರೆ ಅದು ಹೋಗುತ್ತದೆ.

ಹೆಸರು ಸರಿಯಾಗಿಯೇ ಇದ್ದು 'ಅಂಥ ಫೈಲ್ ಇಲ್ಲ' ಎಂದು ಬಂದರೆ ಫೋಲ್ಡರ್ ನೋಡಿ. ಪೂರ್ತಿ ಪಾತ್ ಕೊಡದಿದ್ದಾಗ ಪರ್ಲ್ ಹುಡುಕುವುದು ನೀವು ಕಮಾಂಡ್ ಕೊಟ್ಟ ಫೋಲ್ಡರ್‌ನಲ್ಲಿ, ಸ್ಕ್ರಿಪ್ಟ್ ಇರುವ ಫೋಲ್ಡರ್‌ನಲ್ಲಿ ಅಲ್ಲ.

ಪ್ರತಿ ಸಲ ಡೈ ಬರೆಯುವುದು ಬೇಸರವೆನಿಸಿದರೆ, ಸ್ಕ್ರಿಪ್ಟಿನ ಮೇಲ್ಭಾಗದಲ್ಲಿ 'ಯೂಸ್ ಆಟೋಡೈ' (use autodie) ಎಂದು ಒಂದು ಸಾಲು ಹಾಕಿ; ಆಗ ಓಪನ್ ವಿಫಲವಾದರೆ ಸ್ಕ್ರಿಪ್ಟ್ ತಾನಾಗಿ ಸಂದೇಶ ಕೊಟ್ಟು ನಿಲ್ಲುತ್ತದೆ. 5.10.1 ಆವೃತ್ತಿಯಿಂದ ಅದು ಪರ್ಲ್ ಜೊತೆಗೇ ಬರುತ್ತದೆ.