ಅಕ್ಯುಪಂಕ್ಚರ್ ಯಾವುದಕ್ಕೆ ನೆರವಾಗುತ್ತದೆ, ಯಾವುದಕ್ಕಿಲ್ಲ? ಓದುಗರ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಪ್ರಶ್ನೆ: ನಾನು 38 ವರ್ಷದ ಶಿಕ್ಷಕಿ. ಹತ್ತು ವರ್ಷಗಳಿಂದ ಮೈಗ್ರೇನ್ ಇದ್ದು, ತಿಂಗಳಿಗೆ ಆರೇಳು ಬಾರಿ ನೋವಿನ ಮಾತ್ರೆ ನುಂಗುತ್ತೇನೆ. ಸಹೋದ್ಯೋಗಿಯೊಬ್ಬರು ಅಕ್ಯುಪಂಕ್ಚರ್ (ದೇಹದ ನಿರ್ದಿಷ್ಟ ಬಿಂದುಗಳಲ್ಲಿ ತೆಳು ಸೂಜಿ ಚುಚ್ಚುವ ಚಿಕಿತ್ಸೆ) ಮಾಡಿಸಿಕೊಳ್ಳಿ ಎನ್ನುತ್ತಾರೆ. ಮನೆಯವರು ಅದೆಲ್ಲ ಬರೀ ನಂಬಿಕೆ ಎನ್ನುತ್ತಾರೆ. ಯಾರ ಮಾತು ಸರಿ?
– ಓದುಗರು, ಹಾಸನ

ಉತ್ತರ: ಇಬ್ಬರ ಮಾತಿನಲ್ಲೂ ಸತ್ಯಾಂಶವಿದೆ. ಮೈಗ್ರೇನ್ ಮರುಕಳಿಸದಂತೆ ತಡೆಯಲು ಅಕ್ಯುಪಂಕ್ಚರ್ ಎಷ್ಟು ಉಪಯುಕ್ತ ಎಂದು ಪರೀಕ್ಷಿಸಿದ 22 ಪ್ರಯೋಗಗಳನ್ನು, ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯು 2016ರಲ್ಲಿ ಒಟ್ಟಿಗೆ ಪರಿಶೀಲಿಸಿತು; ಅವುಗಳಲ್ಲಿ ಸುಮಾರು 5,000 ರೋಗಿಗಳಿದ್ದರು. ಎಂದಿನ ಆರೈಕೆಯನ್ನಷ್ಟೇ ಪಡೆದವರಲ್ಲಿ ನೂರಕ್ಕೆ 17 ಮಂದಿಗೆ ತಲೆನೋವು ಅರ್ಧದಷ್ಟು ಕಡಿಮೆಯಾದರೆ, ಸೂಜಿ ಚಿಕಿತ್ಸೆ ಪಡೆದವರಲ್ಲಿ 41 ಮಂದಿಗೆ ಆ ಪ್ರಯೋಜನ ಸಿಕ್ಕಿತು. ಆದರೆ ಸಂಪ್ರದಾಯ ಹೇಳುವ ಬಿಂದುಗಳನ್ನು ಬಿಟ್ಟು ಬೇರೆಡೆ ಚುಚ್ಚಿದ, ಅಥವಾ ಚರ್ಮದೊಳಗೆ ಇಳಿಯದ ಹುಸಿ ಸೂಜಿ ಬಳಸಿದ ಗುಂಪಿನೊಡನೆ ಹೋಲಿಸಿದಾಗ ಅಂತರ ಬಹಳ ಕಿರಿದಾಯಿತು: ನಿಜವಾದ ಚಿಕಿತ್ಸೆಯಲ್ಲಿ ನೂರಕ್ಕೆ 50, ಹುಸಿ ಚಿಕಿತ್ಸೆಯಲ್ಲಿ 41.

ಇದರಿಂದ ನಾನು ತಿಳಿಯುವುದಿಷ್ಟು. ಸೂಜಿ ಚುಚ್ಚಿದಾಗ ನರಗಳು ಪ್ರಚೋದನೆಗೊಂಡು, ಎಂಡಾರ್ಫಿನ್‌ನಂತಹ ನೋವು ತಗ್ಗಿಸುವ ರಾಸಾಯನಿಕಗಳು ದೇಹದಲ್ಲಿಯೇ ಬಿಡುಗಡೆಯಾಗುತ್ತವೆ ಎಂಬುದಕ್ಕೆ ಆಧಾರಗಳಿವೆ; ಅದರ ಜೊತೆಗೆ ಅರ್ಧ ಗಂಟೆಯ ವಿಶ್ರಾಂತಿ, ಚಿಕಿತ್ಸಕರ ಗಮನ ಮತ್ತು ಗುಣವಾಗುತ್ತೇನೆಂಬ ನಿರೀಕ್ಷೆಯೂ ಕೆಲಸ ಮಾಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 361 ಬಿಂದುಗಳಿವೆ. ಆದರೆ ಅವುಗಳನ್ನು ಜೋಡಿಸುವ, ‘ಚೀ’ ಎಂಬ ಜೀವಶಕ್ತಿ ಹರಿಯುತ್ತದೆನ್ನುವ ಮಾರ್ಗಗಳು ಅಂಗರಚನಾ ಶಾಸ್ತ್ರಕ್ಕೆ ಕಂಡಿಲ್ಲ. ಹಾಗೆಂದು ರೋಗಿಗೆ ಸಿಕ್ಕ ಉಪಶಮನವನ್ನು ಸುಳ್ಳೆನ್ನುವುದು ನನಗೆ ಸರಿ ಕಾಣುವುದಿಲ್ಲ.

ನೀವು ಮೊದಲು ನರರೋಗ ತಜ್ಞರಿಂದ ಮೈಗ್ರೇನ್ ಎಂದು ಖಚಿತಪಡಿಸಿಕೊಂಡು, ನಂತರ ಎಂಟು–ಹತ್ತು ಬಾರಿ ಚಿಕಿತ್ಸೆ ಪಡೆದು ನೋಡಬಹುದು. ನೋವು ಬಂದ ದಿನ ಮತ್ತು ನುಂಗಿದ ಮಾತ್ರೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಇಷ್ಟಾದರೂ ವ್ಯತ್ಯಾಸ ಕಾಣದಿದ್ದರೆ ಮತ್ತೆ ಹಣ ಸುರಿಯಬೇಡಿ. ಸಾಧಾರಣ ನೋವಿನ ಮಾತ್ರೆಗಳನ್ನು ತಿಂಗಳಿಗೆ 15 ಅಥವಾ ಅದಕ್ಕಿಂತ ಹೆಚ್ಚು ದಿನ ನುಂಗುತ್ತಾ ಹೋದರೆ ಆ ಮಾತ್ರೆಗಳಿಂದಲೇ ತಲೆನೋವು ಬರುವುದುಂಟು. ನೀವಿನ್ನೂ ಆ ಮಟ್ಟಕ್ಕೆ ಹೋಗಿಲ್ಲ, ಹೋಗದಂತೆ ನೋಡಿಕೊಳ್ಳಿ.

ಪ್ರಶ್ನೆ: 64 ವರ್ಷದ ನಮ್ಮ ತಂದೆಗೆ ಇಪ್ಪತ್ತು ದಿನಗಳ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿವೆ. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದು ಸ್ಕ್ಯಾನ್‌ನಲ್ಲಿ ತಿಳಿಯಿತು. ಆಸ್ಪತ್ರೆಯ ಮಾತ್ರೆಗಳನ್ನು ನಿಲ್ಲಿಸಿ ಅಕ್ಯುಪಂಕ್ಚರ್ ಮಾಡಿಸಿದರೆ ಬೇಗ ನಡೆಯುತ್ತಾರೆ ಎಂದು ಸಂಬಂಧಿಕರು ಒತ್ತಾಯಿಸುತ್ತಿದ್ದಾರೆ. ಏನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ದಯವಿಟ್ಟು ಒಂದು ಮಾತ್ರೆಯನ್ನೂ ನಿಲ್ಲಿಸಬೇಡಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್‌ನಂತಹ ಔಷಧ, ರಕ್ತದೊತ್ತಡದ ಮಾತ್ರೆ, ಕೊಲೆಸ್ಟರಾಲ್ ತಗ್ಗಿಸುವ ಮಾತ್ರೆ ಇವೆಲ್ಲ ಎರಡನೆಯ ಹೊಡೆತ ಬೀಳದಂತೆ ಕಾಯುತ್ತವೆ. ಮೊದಲ ಕೆಲವು ವಾರಗಳಲ್ಲಿಯೇ ಆ ಅಪಾಯ ಹೆಚ್ಚು. ಲಕ್ವದ ನಂತರ ಕೈಕಾಲಿಗೆ ಶಕ್ತಿ ಮರಳಿಸುವುದರಲ್ಲಿ ಅಕ್ಯುಪಂಕ್ಚರ್‌ನ ಪಾತ್ರದ ಬಗ್ಗೆ ನಡೆದಿರುವ ಬಹಳಷ್ಟು ಪ್ರಯೋಗಗಳ ಗುಣಮಟ್ಟ ಕಡಿಮೆಯಿದ್ದು, ಅವುಗಳ ಮೇಲೆ ಭರವಸೆ ಇಡುವಂತಿಲ್ಲ. ಮೊದಲ ಮೂರು ತಿಂಗಳಲ್ಲಿ ಚೇತರಿಕೆ ತಾನಾಗಿಯೇ ವೇಗವಾಗಿರುವುದರಿಂದ, ಆ ಅವಧಿಯಲ್ಲಿ ಯಾವ ಚಿಕಿತ್ಸೆ ಮಾಡಿಸಿದರೂ ಅದರಿಂದಲೇ ಗುಣವಾಯಿತು ಎನ್ನಿಸಿಬಿಡುತ್ತದೆ. ಈ ಅಮೂಲ್ಯ ಕಾಲವನ್ನು ಪ್ರತಿದಿನದ ಫಿಸಿಯೋಥೆರಪಿಗೆ ಮೀಸಲಿಡಿ.

ಪ್ರಶ್ನೆ ಕೇಳದ ಓದುಗರಿಗೂ ಇಲ್ಲಿ ಒಂದು ಮಾತು ಹೇಳಲೇಬೇಕು. ಮುಖ ಸೊಟ್ಟಗಾದರೆ, ಒಂದು ಕೈ ಜೋತುಬಿದ್ದರೆ, ಮಾತು ತೊದಲಿದರೆ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಆ ಕ್ಷಣವೇ ಹೊರಡಬೇಕು. ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ನಾಟಿ ಔಷಧಿ, ಎಣ್ಣೆ, ಸೂಜಿ ಎಂದು ಅಲೆಯುತ್ತಾ ಈ ಅವಧಿ ಮೀರಿ ಬಂದವರನ್ನು ನೋಡಿದಾಗ ಮನಸ್ಸಿಗೆ ತುಂಬ ಸಂಕಟವಾಗುತ್ತದೆ.

ಪ್ರಶ್ನೆ: ಸೂಜಿ ಚುಚ್ಚಿಸಿಕೊಂಡರೆ ನೋವಾಗುತ್ತದೆಯೇ? ಅಪಾಯಗಳೇನು? ಯಾರ ಬಳಿ ಹೋಗಬೇಕು?
– ಓದುಗರು, ಬೆಂಗಳೂರು

ಉತ್ತರ: ಸಾಮಾನ್ಯವಾಗಿ ಬಳಸುವ ಸೂಜಿ ಸುಮಾರು 0.25 ಮಿಲಿಮೀಟರ್ ದಪ್ಪವಿದ್ದು, ಚುಚ್ಚುಮದ್ದಿನ ಸೂಜಿಗಿಂತ ಬಹಳ ತೆಳ್ಳಗಿರುತ್ತದೆ. ಚುಚ್ಚಿದಾಗ ಇರುವೆ ಕಚ್ಚಿದಂತಾಗಿ, ನಂತರ ಜೋಮು ಹಿಡಿದಂತೆ ಅನ್ನಿಸಬಹುದು. ಜರ್ಮನಿಯಲ್ಲಿ 2,29,230 ರೋಗಿಗಳನ್ನು ಗಮನಿಸಿದ, 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರಕ್ಕೆ ಎಂಟು–ಒಂಬತ್ತು ಮಂದಿ ಅಡ್ಡಪರಿಣಾಮ ಹೇಳಿಕೊಂಡರು. ಅವುಗಳಲ್ಲಿ ಹೆಚ್ಚಿನವು ಸಣ್ಣ ರಕ್ತಸ್ರಾವ ಮತ್ತು ಕಂದುಗಟ್ಟುವಿಕೆ. ಇಬ್ಬರಿಗೆ ಮಾತ್ರ ಸೂಜಿ ಎದೆಯೊಳಗೆ ಆಳವಾಗಿ ಇಳಿದು ಶ್ವಾಸಕೋಶಕ್ಕೆ ತಾಗಿತ್ತು. ಹೀಗಾಗುವುದು ಅಪರೂಪವಾದರೂ, ಅಂಗರಚನೆ ಬಲ್ಲವರ ಕೈಗೇ ದೇಹವನ್ನು ಒಪ್ಪಿಸಬೇಕೆಂಬುದಕ್ಕೆ ಇಷ್ಟು ಸಾಕು.

ಕರ್ನಾಟಕದಲ್ಲಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಪದವಿ ಪಡೆದವರು, ಅಂದರೆ ಬಿ.ಎನ್.ವೈ.ಎಸ್. ವೈದ್ಯರು, ಅಕ್ಯುಪಂಕ್ಚರನ್ನು ಪಠ್ಯದಲ್ಲಿಯೇ ಕಲಿತಿರುತ್ತಾರೆ. ಪದವಿ, ನೋಂದಣಿ ಸಂಖ್ಯೆ ಕೇಳುವುದಕ್ಕೆ ಸಂಕೋಚಪಡಬೇಡಿ. ಸೂಜಿಯ ಪೊಟ್ಟಣವನ್ನು ನಿಮ್ಮೆದುರೇ ಒಡೆಯಬೇಕು, ಬಳಸಿದ ಸೂಜಿಯನ್ನು ಬಿಸಾಡಬೇಕು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು, ಗರ್ಭಿಣಿಯರು ಅದನ್ನು ಮೊದಲೇ ತಿಳಿಸಬೇಕು. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಸೂಜಿಗೆ ವಿದ್ಯುತ್ ಹಾಯಿಸುವ ವಿಧಾನವನ್ನು ಮಾಡಿಸಿಕೊಳ್ಳಬಾರದು.

ಪ್ರಶ್ನೆ: ಅಮ್ಮನಿಗೆ ಮುಂದಿನ ವಾರ ಪಿತ್ತಕೋಶದ ಶಸ್ತ್ರಚಿಕಿತ್ಸೆಯಿದೆ. ಹಿಂದೊಮ್ಮೆ ಅರಿವಳಿಕೆ ಕೊಟ್ಟಾಗ ಎರಡು ದಿನ ವಾಂತಿಯಾಗಿತ್ತು. ಕೈಗೆ ಪಟ್ಟಿ ಕಟ್ಟಿದರೆ ವಾಂತಿ ನಿಲ್ಲುತ್ತದೆ ಎನ್ನುತ್ತಾರೆ, ನಿಜವೇ?
– ಓದುಗರು, ಮೈಸೂರು

ಉತ್ತರ: ಒಂದು ಮಟ್ಟಿಗೆ ನಿಜ. ಅಂಗೈ ಕಡೆಯ ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಮೂರು ಬೆರಳಗಲ ದೂರದಲ್ಲಿ, ಎರಡು ಸ್ನಾಯುರಜ್ಜುಗಳ ನಡುವೆ ಪಿ.ಸಿ. 6 ಎಂಬ ಅಕ್ಯುಪಂಕ್ಚರ್ ಬಿಂದುವಿದೆ. ಅಲ್ಲಿ ಸೂಜಿಯಿಂದಲೋ ಒತ್ತಡದ ಪಟ್ಟಿಯಿಂದಲೋ ಪ್ರಚೋದನೆ ಕೊಟ್ಟ 59 ಪ್ರಯೋಗಗಳ 2015ರ ವಿಮರ್ಶೆಯಲ್ಲಿ, ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆ, ವಾಂತಿ ಎರಡೂ ಹುಸಿ ಚಿಕಿತ್ಸೆಗೆ ಹೋಲಿಸಿದರೆ ಕಡಿಮೆಯಾದದ್ದು ಕಂಡುಬಂತು. ಅಮ್ಮನಿಗೆ ಸೂಜಿಯ ಭಯವಿದ್ದರೆ ಪಟ್ಟಿಯೇ ಸಾಕು. ಹಿಂದಿನ ಅನುಭವವನ್ನು ಅರಿವಳಿಕೆ ತಜ್ಞರಿಗೆ ತಪ್ಪದೇ ತಿಳಿಸಿ, ವಾಂತಿ ತಡೆಯುವ ಔಷಧವನ್ನು ಅವರು ಮುಂಚಿತವಾಗಿಯೇ ಕೊಡುತ್ತಾರೆ; ಪಟ್ಟಿಯನ್ನು ಅದರ ಜೊತೆಗೆ ಕಟ್ಟಬಹುದು.