ಅಣ್ಣ ತಮ್ಮಂದಿರ ನಡುವೆ ಮಾತು ಹೊರುವ ಮಾವ

ಮಲೆನಾಡಿನ ಪಟ್ಟಣವೊಂದರಲ್ಲಿ ಬೇಕರಿ ನಡೆಸುತ್ತಿರುವ 43 ವರ್ಷದ ಓದುಗರೊಬ್ಬರ ಪತ್ರ ಈ ವಾರ ನನ್ನನ್ನು ಬಹಳ ಕಾಡಿತು. ಅದು ಅವರ ತಂದೆ ಕಟ್ಟಿದ ಅಂಗಡಿ. ತಂದೆ ಉಯಿಲು ಬರೆಯದೆ ತೀರಿಕೊಂಡ ಮೇಲೆ ಇವರೂ ಇವರ ಒಬ್ಬನೇ ತಮ್ಮನೂ ಸೇರಿ ನಡೆಸುತ್ತಿದ್ದಾರೆ. ಬೆಳಗಿನ ನಾಲ್ಕಕ್ಕೆ ಹಿಟ್ಟು ಕಲಸಿದರೆ ಮಾತ್ರ ಬಸ್ ನಿಲ್ದಾಣದ ಹೋಟೆಲುಗಳಿಗೆ ಹೊತ್ತಿಗೆ ಸರಿಯಾಗಿ ಬನ್ನು, ಬ್ರೆಡ್ಡು ತಲುಪುತ್ತವೆ. ಆದರೆ ತಮ್ಮ ಬರುವುದು ಏಳರ ಮೇಲೆ. ಕೇಳಿದರೆ ಒಂದು ದಿನ ಬೆನ್ನುನೋವು, ಒಂದು ದಿನ ಮಳೆ, ಒಂದು ದಿನ ದಾರಿಯಲ್ಲಿ ಬೀದಿನಾಯಿಗಳ ಕಾಟ. ಎಂಟು ತಿಂಗಳ ಹಿಂದೆ ಗಿರಾಕಿಗಳ ಎದುರಿನಲ್ಲೇ ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು, ಅಂದಿನಿಂದ ಅಣ್ಣ ಮಾತು ಬಿಟ್ಟಿದ್ದಾರೆ. ಇದು ದೈವಭಕ್ತಿಯುಳ್ಳ ಕ್ರೈಸ್ತ ಕುಟುಂಬ. ತಾವು ಮೌನವಾಗಿರುವುದಕ್ಕೆ ಅವರು ಕೊಡುವ ಆಧಾರವೂ ಸತ್ಯವೇದದ್ದೇ, ಅಂದರೆ ಬೈಬಲಿನದ್ದೇ: ಮೂಢನಿಗೆ ಅವನ ಮೂಢತನಕ್ಕೆ ತಕ್ಕಂತೆ ಉತ್ತರ ಕೊಡಬಾರದು ಎಂದು ಜ್ಞಾನೋಕ್ತಿಗಳ ಪುಸ್ತಕ ಹೇಳುತ್ತದೆಯಲ್ಲವೇ, ನಾನು ಅದರಂತೆ ನಡೆಯುತ್ತಿದ್ದೇನೆ, ಇದರಲ್ಲಿ ನನ್ನ ತಪ್ಪೇನು, ಅಥವಾ ಪಾಲು ಕೊಟ್ಟು ಅವನನ್ನು ಬೇರೆ ಮಾಡಿಬಿಡಲೇ ಎಂಬುದು ಅವರ ಪ್ರಶ್ನೆ.

ಪತ್ರದ ಮೂರು ಪುಟಗಳಲ್ಲಿ ಹೆಚ್ಚಿನ ಭಾಗ ತಮ್ಮನ ಸೋಮಾರಿತನದ ವರ್ಣನೆಯೇ. ಆದರೆ ಎರಡನೆಯ ಪುಟದ ಕೊನೆಯಲ್ಲಿ, ಮತ್ತೇನನ್ನೋ ಹೇಳುವ ನಡುವೆ, ಅವರು ಒಂದು ಸಂಗತಿಯನ್ನು ಹೇಳಿ ಮುಂದೆ ಹೋಗಿದ್ದಾರೆ. ಅಂಗಡಿಗೆ ಸಂಬಂಧಿಸಿದ್ದು ಏನಿದ್ದರೂ ಅದನ್ನು ತಮ್ಮನಿಗೆ ಮುಟ್ಟಿಸುವವರು ಇವರ ಸೋದರಮಾವ. ಮಧ್ಯಾಹ್ನ ಅಂಗಡಿಯಲ್ಲಿ ಕಾಫಿ ಕುಡಿದು ಇವರ ಮಾತನ್ನು ಕೇಳಿಸಿಕೊಳ್ಳುತ್ತಾರೆ, ಸಂಜೆ ತಮ್ಮನ ಮನೆಗೆ ಹೋಗಿ ಹೇಳುತ್ತಾರೆ, ಅಲ್ಲಿ ಕೇಳಿದ್ದನ್ನು ಮರುದಿನ ಇಲ್ಲಿಗೆ ತರುತ್ತಾರೆ. "ಸ್ವಲ್ಪ ಸೇರಿಸಿ ಹೇಳುತ್ತಾರೆ ಎಂದು ಅಮ್ಮ ಅನ್ನುತ್ತಾರೆ, ಆದರೆ ಮಾವನ ಮನಸ್ಸು ಒಳ್ಳೆಯದು" ಎಂದು ಪತ್ರದಲ್ಲಿದೆ. ಆ ಸೇರಿಸುವಿಕೆಯ ಒಂದು ಮಾದರಿಯನ್ನೂ ಅವರೇ ಕೊಟ್ಟಿದ್ದಾರೆ. ಮದುವೆಮನೆಯೊಂದರ ದೊಡ್ಡ ಆರ್ಡರ್ ಬಂದಾಗ ಇವರು ಹೇಳಿ ಕಳುಹಿಸಿದ್ದು, "ನಾಳೆ ನಾಲ್ಕಕ್ಕೆ ಬರಲಿ, ಒಬ್ಬನ ಕೈಯಲ್ಲಿ ಆಗುವುದಿಲ್ಲ" ಎಂದು. ತಮ್ಮನಿಗೆ ತಲುಪಿದ್ದು, "ನಾಳೆ ಬರದಿದ್ದರೆ ಇನ್ನು ಅಂಗಡಿಯ ಮೆಟ್ಟಿಲು ಹತ್ತುವುದು ಬೇಡ ಅಂದಿದ್ದಾನೆ" ಎಂದು. ತಮ್ಮ ಬರಲಿಲ್ಲ. ಹಿಟ್ಟು ಉಬ್ಬಿ ಹುಳಿಯಾಗಿ ಅರ್ಧದಷ್ಟು ಬಿಸಾಡಬೇಕಾಯಿತು. ತಾಯಿ ವಿಚಾರಿಸಿದಾಗ ಮಾವ, ತಮಾಷೆಗೆ ಹಾಗೆ ಅಂದೆ ಎಂದರಂತೆ.

ಓದುಗರೇ, ನಿಮ್ಮ ಸಂಕಟದ ಬೇರು ಇರುವುದು ಇಲ್ಲಿ. ತಮ್ಮನ ಹಾಸಿಗೆಯಲ್ಲಿ ಅದನ್ನು ಹುಡುಕಿ ನೀವು ಎಂಟು ತಿಂಗಳು ಕಳೆದಿದ್ದೀರಿ. ನೀವು ಆಧಾರವಾಗಿ ಹಿಡಿದಿರುವ ವಚನ ಜ್ಞಾನೋಕ್ತಿಗಳ 26ನೆಯ ಅಧ್ಯಾಯದ ನಾಲ್ಕನೆಯದು. ದಯವಿಟ್ಟು ಆ ಅಧ್ಯಾಯವನ್ನು ಪೂರ್ತಿಯಾಗಿ, ಒಂದೇ ಉಸಿರಿನಲ್ಲಿ ಓದಿ. ಅದರಲ್ಲಿ 28 ವಚನಗಳಿವೆ. ಮೊದಲ 12 ಹೆಚ್ಚಾಗಿ ಮೂಢನನ್ನು ಕುರಿತವು. ಸೋಮಾರಿಗೆ ಸಿಕ್ಕಿರುವುದು ನಾಲ್ಕೇ ನಾಲ್ಕು, 13ರಿಂದ 16ರ ವರೆಗೆ. ಉಳಿದ 12 ವಚನಗಳು ಜಗಳ, ಚಾಡಿ ಮತ್ತು ಸುಳ್ಳು ನಾಲಿಗೆಯನ್ನು ಕುರಿತವು. ಯೆಹೂದದ ಅರಸ ಹಿಜ್ಕೀಯನ ಕಾಲದಲ್ಲಿ, ಅಂದರೆ ಕ್ರಿಸ್ತಪೂರ್ವ 8ನೆಯ ಶತಮಾನದ ಕೊನೆಯ ಹೊತ್ತಿಗೆ, ಅವನ ಜನರು ಸೊಲೊಮೋನನ ಈ ಮಾತುಗಳನ್ನು ಪ್ರತಿ ಮಾಡಿದರೆಂದು 25ನೆಯ ಅಧ್ಯಾಯದ ಮೊದಲ ವಚನವೇ ಹೇಳುತ್ತದೆ. ಮನೆಯನ್ನು ಹೆಚ್ಚು ಕೆಡಿಸುವುದು ಸೋಮಾರಿಯ ನಿದ್ದೆಯೋ ಚಾಡಿಕೋರನ ನಾಲಿಗೆಯೋ ಎಂಬುದು ಅರಮನೆಯಲ್ಲಿದ್ದ ಆ ಜನರಿಗೆ ಚೆನ್ನಾಗಿ ಗೊತ್ತಿದ್ದಿರಬೇಕೆಂದು ಈ ಅಧ್ಯಾಯವನ್ನು ಓದುವಾಗಲೆಲ್ಲ ನನಗೆ ಅನ್ನಿಸುತ್ತದೆ.

ನಿಮ್ಮ ನಾಲ್ಕನೆಯ ವಚನವನ್ನೇ ಮೊದಲು ನೋಡೋಣ. ಉತ್ತರ ಕೊಡಬಾರದೆಂದು ಅದು ಹೇಳುವುದು ಒಂದು ಕಾರಣಕ್ಕಾಗಿ: ಕೊಟ್ಟರೆ ನೀನೂ ಅವನಿಗೆ ಸಮಾನನಾದೀಯೆ ಎಂಬ ಎಚ್ಚರಿಕೆಗಾಗಿ. ಅದರ ಬೆನ್ನಿಗೇ ಬರುವ ಐದನೆಯ ವಚನ ಇದಕ್ಕೆ ಎದುರಾದದ್ದನ್ನು ಹೇಳುತ್ತದೆ: ಮೂಢನಿಗೆ ತಕ್ಕ ಉತ್ತರ ಕೊಡು, ಇಲ್ಲದಿದ್ದರೆ ಅವನು ತನ್ನನ್ನು ತಾನೇ ಜ್ಞಾನಿಯೆಂದು ಎಣಿಸಿಕೊಂಡಾನು. ಈ ಎರಡು ವಚನಗಳ ವಿರೋಧ ಹಳೆಯ ಯೆಹೂದ್ಯ ವಿದ್ವಾಂಸರನ್ನೂ ಕಾಡಿತ್ತು. ಇಂಥ ವಿರೋಧವಿರುವುದರಿಂದ ಈ ಪುಸ್ತಕವನ್ನೇ ಬಳಕೆಯಿಂದ ತೆಗೆದಿಡಬೇಕೆಂದು ಅವರಲ್ಲಿ ಆಲೋಚನೆ ನಡೆದದ್ದು ಅವರ ಧರ್ಮಚರ್ಚೆಗಳ ಗ್ರಂಥವಾದ ತಾಲ್ಮೂದಿನಲ್ಲಿದೆ. ಕೊನೆಗೆ ಅವರು, ಉತ್ತರ ಕೊಡಬೇಕಾದದ್ದು ಧರ್ಮಶಾಸ್ತ್ರದ ಮಾತಿನಲ್ಲಿ, ಸುಮ್ಮನಿರಬೇಕಾದದ್ದು ಲೋಕದ ಮಾತಿನಲ್ಲಿ ಎಂದು ಬಗೆಹರಿಸಿಕೊಂಡರು. ನನ್ನ ಓದು ಇನ್ನೂ ಸರಳವಾದದ್ದು. ಎರಡೂ ವಚನಗಳನ್ನು ಅಕ್ಕಪಕ್ಕದಲ್ಲಿ ಇಟ್ಟಿರುವುದರಿಂದ ಯಾವಾಗ ಮಾತಾಡಬೇಕು, ಯಾವಾಗ ಸುಮ್ಮನಿರಬೇಕು ಎಂಬ ವಿವೇಚನೆಯನ್ನು ಓದುವವನೇ ದಿನದಿನವೂ ಮಾಡಬೇಕಾಗುತ್ತದೆ. ಅಂದು ಗಿರಾಕಿಗಳ ಎದುರಿನಲ್ಲಿ ತಮ್ಮ ಕೂಗಾಡಿದಾಗ ನೀವು ತಿರುಗಿ ಕೂಗಾಡದೆ ಇದ್ದಿದ್ದರೆ ನಾಲ್ಕನೆಯ ವಚನವನ್ನು ಪಾಲಿಸಿದಂತಾಗುತ್ತಿತ್ತು. ಅಂದು ಕೂಗಿ, ಆಮೇಲೆ ಎಂಟು ತಿಂಗಳು ಮುಖ ತಿರುಗಿಸಿಕೊಂಡಿರುವುದಕ್ಕೆ ಆ ವಚನ ಆಧಾರವಾಗಲಾರದು. ಸಾಲದ್ದಕ್ಕೆ ನೀವು ಸುಮ್ಮನೆಯೂ ಇಲ್ಲ. ಪ್ರತಿದಿನ ಮಾವನ ಬಾಯಿಂದ ಮಾತಾಡುತ್ತಲೇ ಇದ್ದೀರಿ.

ಅದೇ ಅಧ್ಯಾಯದ ಆರನೆಯ ವಚನ ಸುದ್ದಿ ಮುಟ್ಟಿಸುವವರನ್ನೇ ಕುರಿತದ್ದು: ಮೂಢನ ಕೈಯಲ್ಲಿ ಮಾತು ಹೇಳಿ ಕಳುಹಿಸುವವನು ತನ್ನ ಕಾಲನ್ನು ತಾನೇ ಕಡಿದುಕೊಳ್ಳುತ್ತಾನೆ. ಬಿಸಾಡಿದ ಆ ಹಿಟ್ಟಿನ ಲೆಕ್ಕವನ್ನು ಈ ವಚನದ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. 18 ಮತ್ತು 19ನೆಯ ವಚನಗಳು ಇನ್ನೂ ಕಠಿಣ. ನೆರೆಯವನನ್ನು ವಂಚಿಸಿ ಆಮೇಲೆ ತಮಾಷೆಗೆ ಮಾಡಿದೆ ಎನ್ನುವವನನ್ನು ಅವು ಕೊಳ್ಳಿಗಳನ್ನೂ ಬಾಣಗಳನ್ನೂ ಎಸೆಯುವ ಹುಚ್ಚನಿಗೆ ಹೋಲಿಸುತ್ತವೆ. ನಿಮ್ಮ ಮಾವನ ಮಾತಿಗೆ ಇಷ್ಟು ಹತ್ತಿರದ ವಚನ ಸಿಕ್ಕೀತೆಂದು ನಾನೂ ನಿರೀಕ್ಷಿಸಿರಲಿಲ್ಲ. 20ನೆಯ ವಚನವಂತೂ ನಿಮ್ಮ ಕಸುಬಿನ ಭಾಷೆಯಲ್ಲೇ ಇದೆ. ಕಟ್ಟಿಗೆ ಇಲ್ಲದಿದ್ದರೆ ಬೆಂಕಿ ಆರುತ್ತದೆ, ಚಾಡಿಕೋರನಿಲ್ಲದಿದ್ದರೆ ಜಗಳ ನಿಲ್ಲುತ್ತದೆ. ಭಟ್ಟಿಗೆ ಕಟ್ಟಿಗೆ ಹಾಕಿ ಬೆಳೆದವರು ನೀವು, ಒಳಗೆ ತಾನಾಗಿ ಉರಿಯುವ ಭಟ್ಟಿಯನ್ನು ಎಲ್ಲಿಯೂ ಕಂಡಿರಲಾರಿರಿ. ಎಂಟು ತಿಂಗಳ ಹಿಂದಿನ ಒಂದು ಬೆಳಗಿನ ಜಗಳ ಇಂದಿಗೂ ಬಿಸಿಯಾಗಿ ಉಳಿದಿದ್ದರೆ ಯಾರೋ ದಿನವೂ ಸೌದೆ ಒಟ್ಟುತ್ತಿದ್ದಾರೆ ಎಂದೇ ಅರ್ಥ.

ಮಾವ ಹಿರಿಯರು, ಸಭೆಯಲ್ಲಿ ಗೌರವವುಳ್ಳವರು, ತಂದೆ ತೀರಿಕೊಂಡಾಗ ಎಲ್ಲ ಓಡಾಟವನ್ನೂ ಮಾಡಿದವರು ಎಂದು ನೀವು ಬರೆದಿದ್ದೀರಿ. ಅದನ್ನೆಲ್ಲ ನಾನು ಒಪ್ಪುತ್ತೇನೆ. ಆದರೂ ಈ ವಿಷಯದಲ್ಲಿ ಅವರನ್ನು ಸುಮ್ಮನೆ ಬಿಡಲು ನನ್ನಿಂದ ಆಗದು. ಇಬ್ಬರು ಸೋದರಳಿಯಂದಿರು ಒಂದಾಗಿಬಿಟ್ಟರೆ ಮಧ್ಯಾಹ್ನದ ಕಾಫಿಗೂ ಸಂಜೆಯ ಊಟಕ್ಕೂ ಬೇರೆ ಕಾರಣ ಹುಡುಕಬೇಕಾಗುತ್ತದೆ ಎಂದು ಅವರು ಲೆಕ್ಕ ಹಾಕಿದ್ದಾರೆಂದು ನಾನು ಹೇಳುವುದಿಲ್ಲ. ಬಹುಶಃ ಅವರಿಗೇ ಅದು ತಿಳಿದಿರಲಿಕ್ಕಿಲ್ಲ. ಚಾಡಿಯ ಮಾತು ರುಚಿಯಾದ ತುತ್ತಿನಂತೆ ಹೊಟ್ಟೆಯ ಆಳಕ್ಕೆ ಇಳಿಯುತ್ತದೆ ಎನ್ನುತ್ತದೆ 22ನೆಯ ವಚನ. ಆ ರುಚಿ ಹೇಳುವವರಿಗೆ ಇರುವಷ್ಟೇ ಕೇಳುವವರಿಗೂ ಇರುತ್ತದೆ, ಮತ್ತು ಕೇಳುತ್ತಾ ಕುಳಿತವರು ನೀವು. ಈ ಅಂಕಣದಲ್ಲಿ ನಾನು ಬೇಸರವಿಲ್ಲದೆ ಹೇಳುತ್ತಾ ಬಂದಿರುವ ಮಾತೊಂದಿದೆ: ಒಂದೇ ತಾಯಿಯ ಮಕ್ಕಳ ನಡುವಿನ ಮಾತನ್ನು ಮೂರನೆಯವರ ನಾಲಿಗೆಗೆ ಒಪ್ಪಿಸಬಾರದು. ಹುಟ್ಟುತ್ತಾ ಅಣ್ಣ ತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂಬ ಗಾದೆಯನ್ನು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ದಾಯಾದಿಗಳನ್ನಾಗಿ ಬೆಳೆಸುವವರು ಹೆಚ್ಚಿನ ಮನೆಗಳಲ್ಲಿ ಮಾತು ಹೊತ್ತು ತರುವ ನೆಂಟರೇ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಇನ್ನು ನಿಮ್ಮ ತಮ್ಮ. ಆತ ಸೋಮಾರಿಯೇ ಇರಬಹುದು, ನಿಮ್ಮ ಮಾತನ್ನು ನಾನು ಅನುಮಾನಿಸುವುದಿಲ್ಲ. ಕೀಲಿನ ಮೇಲೆ ತಿರುಗುವ ಬಾಗಿಲಿನಂತೆ ಹಾಸಿಗೆಯಲ್ಲೇ ಹೊರಳುವವನನ್ನು ನೆಚ್ಚಿಕೊಂಡು ನಾಲ್ಕು ಗಂಟೆಯ ಕಸುಬು ನಡೆಸುವುದು ಎಷ್ಟು ಕಷ್ಟವೆಂಬುದೂ ನನಗೆ ಅರ್ಥವಾಗುತ್ತದೆ. ಆದರೆ ಅವನು ಬೀದಿನಾಯಿಗಳ ಮಾತೆತ್ತಿದಾಗ ನೀವು ದಾರಿಯಲ್ಲಿ ಸಿಂಹವಿದೆ ಎನ್ನುವ ಸೋಮಾರಿಯ ವಚನವನ್ನು ಚೀಟಿಯಲ್ಲಿ ಬರೆದು ಮಾವನ ಕೈಯಲ್ಲೇ ಕಳುಹಿಸಿದ್ದೀರಿ. ನೀವು ಇರುವುದು ಅಂಗಡಿಯ ಹಿಂಭಾಗದ ಮನೆಯಲ್ಲಿ. ಅವನು ಬರಬೇಕಾದದ್ದು ಮೂರು ಕಿಲೋಮೀಟರ್ ದೂರದಿಂದ, ಕತ್ತಲಲ್ಲಿ, ದ್ವಿಚಕ್ರ ವಾಹನದಲ್ಲಿ. ನಮ್ಮ ಊರುಗಳಲ್ಲಿ ಆ ಹೊತ್ತಿಗೆ ನಾಯಿಗಳ ಹಿಂಡು ಬೆನ್ನಟ್ಟುವುದು ಕಟ್ಟುಕಥೆಯಲ್ಲ. ಒಂದು ದಿನ ಆ ದಾರಿಯಲ್ಲಿ ಹೋಗಿ ನೋಡಿದ್ದರೆ ಅದು ನೆಪವೋ ನಿಜವೋ ನಿಮಗೆ ಗೊತ್ತಾಗುತ್ತಿತ್ತು.

ಹಿಟ್ಟು ಕಲಸುವ ಮೇಜಿನ ಮೇಲಿನ ಗೋಡೆಗೆ, ಸೋಮಾರಿಯೇ, ಇರುವೆಯ ಹತ್ತಿರ ಹೋಗಿ ಜ್ಞಾನ ತಂದುಕೋ ಎಂಬ ವಚನವನ್ನು ಅಂಟಿಸಿದ್ದೀರಿ. ಅದನ್ನು ತೆಗೆಯಿರಿ. ಜ್ಞಾನೋಕ್ತಿಗಳ ಆರನೆಯ ಅಧ್ಯಾಯದ ಆ ಭಾಗವನ್ನು ಎಲ್ಲರೂ ಅರ್ಧ ಓದುತ್ತಾರೆ. ಇರುವೆಗೆ ನಾಯಕನಿಲ್ಲ, ಮೇಲ್ವಿಚಾರಕನಿಲ್ಲ, ಒಡೆಯನಿಲ್ಲ, ಆದರೂ ಅದು ಸುಗ್ಗಿಯಲ್ಲಿ ಆಹಾರವನ್ನು ಕೂಡಿಸಿಟ್ಟುಕೊಳ್ಳುತ್ತದೆ ಎಂಬುದು ಅಲ್ಲಿಯ ಮಾತು. ಆ ವಚನವನ್ನು ಇನ್ನೊಬ್ಬನ ಕಣ್ಣಿಗೆ ಹಿಡಿಯುವವನು ಇರುವೆಗೆ ಬೇಡವಾದ ಆ ಮೇಲ್ವಿಚಾರಕನೇ ಆಗುತ್ತಾನೆ. ಜ್ಞಾನೋಕ್ತಿಗಳನ್ನು ಒಬ್ಬೊಬ್ಬರೂ ತಮಗಾಗಿ ಓದಿಕೊಳ್ಳಬೇಕು, ಪಕ್ಕದವರ ಹೆಸರು ಬರೆದು ಹಂಚಬಾರದು ಎಂಬುದು ನನ್ನ ಬಲವಾದ ನಂಬಿಕೆ. ನಿಮಗಾಗಿ ಓದಬೇಕಾದ ವಚನ 26ನೆಯ ಅಧ್ಯಾಯದಲ್ಲಿಯೇ 12ನೆಯದಾಗಿದೆ. ತನ್ನ ದೃಷ್ಟಿಗೆ ತಾನೇ ಜ್ಞಾನಿಯಾಗಿರುವವನಿಗಿಂತ ಮೂಢನ ವಿಷಯದಲ್ಲಿ ಹೆಚ್ಚು ನಿರೀಕ್ಷೆ ಇಡಬಹುದು ಎಂದು ಅದು ಹೇಳುತ್ತದೆ. ಹನ್ನೊಂದು ವಚನಗಳವರೆಗೆ ಮೂಢನನ್ನು ಅಷ್ಟೆಲ್ಲ ಹೇಳಿದ ಮೇಲೆ ಬರುವ ಮಾತಿದು. ನಿಮ್ಮ ಪತ್ರದ ಮೂರು ಪುಟಗಳಲ್ಲಿ ನಿಮ್ಮದೆಂದು ಒಪ್ಪಿಕೊಂಡ ತಪ್ಪು ಒಂದೂ ಇಲ್ಲದ್ದರಿಂದ ಇದನ್ನು ಬರೆಯಬೇಕಾಯಿತು.

ನೀವು ಮಾಡಬೇಕಾದದ್ದು ಒಂದೇ. ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದ 15ನೆಯ ವಚನದಲ್ಲಿ ಕ್ರಿಸ್ತನು ಹೇಳಿದ ಕ್ರಮ ಅದು: ನಿನ್ನ ಸಹೋದರನು ತಪ್ಪು ಮಾಡಿದರೆ ಹೋಗಿ, ನೀನೂ ಅವನೂ ಇಬ್ಬರೇ ಇರುವಾಗ ಅದನ್ನು ಅವನಿಗೆ ತಿಳಿಸು. ಒಬ್ಬಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವುದು ಅದರ ನಂತರದ ಹೆಜ್ಜೆ, ಸಭೆಗೆ ಹೇಳುವುದು ಅದಕ್ಕೂ ನಂತರದ್ದು. ಹಾಗಾಗಿ ಸಭಾಪಾಲಕರನ್ನಾಗಲಿ ಸಭೆಯ ಹಿರಿಯರನ್ನಾಗಲಿ ಈಗಲೇ ಎಳೆದು ತರಬೇಡಿ. ಅಂಗಡಿ ಮುಚ್ಚುವ ದಿನ ನೀವೇ ತಮ್ಮನ ಮನೆಗೆ ಹೋಗಿ. ವಚನ ಬೇಡ, ಚೀಟಿ ಬೇಡ. ಮದುವೆ ಆರ್ಡರ್‌ನ ಹಿಂದಿನ ದಿನ ನೀವು ಹೇಳಿ ಕಳುಹಿಸಿದ ಮಾತು ಏನೆಂಬುದನ್ನು ಮೊದಲು ಹೇಳಿ, ಆಮೇಲೆ ಅವನಿಗೆ ತಲುಪಿದ್ದು ಏನೆಂದು ಕೇಳಿ. ಅವನು ಎಂಟು ತಿಂಗಳಲ್ಲಿ ನಿಮ್ಮ ಬಗ್ಗೆ ಏನೇನು ಕೇಳಿಸಿಕೊಂಡಿದ್ದಾನೆಂಬುದು ತಿಳಿದ ಮೇಲೆ ನಾಲ್ಕು ಗಂಟೆಯ ಮಾತು ತಾನಾಗಿ ಬರುತ್ತದೆ. ಅಷ್ಟಾದ ಮೇಲೂ ಅವನು ಏಳಕ್ಕೇ ಬರುತ್ತೇನೆಂದರೆ ಮಧ್ಯಾಹ್ನದ ಸಾಗಾಟ, ಲೆಕ್ಕ, ಸಾಲ ವಸೂಲಿಯನ್ನು ಅವನಿಗೆ ಒಪ್ಪಿಸಿ, ಹಿಟ್ಟಿಗೆ ಒಬ್ಬ ಆಳನ್ನು ಇಟ್ಟುಕೊಳ್ಳಿ. ಮರುದಿನ ಮಾವ ಕಾಫಿಗೆ ಬಂದು "ಅವನು ಏನಂದ ಗೊತ್ತೇ" ಎಂದು ಆರಂಭಿಸಿದರೆ, "ಮಾವ, ಅದನ್ನು ಅವನೇ ನನಗೆ ಹೇಳಲಿ" ಎಂದು ಹೇಳಿ ಕಾಫಿ ಕೊಡಿ. ಅವರಿಗೆ ಬೇಸರವಾಗುತ್ತದೆ, ಆಗಲಿ.

ಪಾಲು ಕೊಟ್ಟು ಬೇರೆ ಮಾಡಲೇ ಎಂದು ಕೇಳಿದ್ದೀರಿ. ಕೊಡುವ ಅಧಿಕಾರ ನಿಮ್ಮ ಕೈಯಲ್ಲಿದೆಯೆಂಬ ಭಾವನೆ ಆ ಪ್ರಶ್ನೆಯಲ್ಲಿದೆ, ಅದು ಸರಿಯಲ್ಲ. ಉಯಿಲಿಲ್ಲದೆ ತೀರಿಕೊಂಡ ಕ್ರೈಸ್ತರ ಆಸ್ತಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಅದರ ಪ್ರಕಾರ ಮೂರರಲ್ಲಿ ಒಂದು ಭಾಗ ಹೆಂಡತಿಗೆ, ಉಳಿದ ಎರಡು ಭಾಗ ಮಕ್ಕಳಿಗೆ ಸಮನಾಗಿ ಸೇರುತ್ತದೆ. ನೀವು ಇಬ್ಬರೇ ಮಕ್ಕಳಾದ್ದರಿಂದ ತಂದೆಯ ಆಸ್ತಿಯಲ್ಲಿ ನಿಮಗೂ ತಮ್ಮನಿಗೂ ತಾಯಿಗೂ ಒಂದೊಂದು ಸಮಪಾಲು ಇದೆ. ಮಾವ ಸೇರಿಸಿ ಹೇಳುತ್ತಾರೆಂದು ಮೊದಲು ಎಚ್ಚರಿಸಿದವರು ತಾಯಿ, ಆದರೂ ಪಾಲಿನ ವಿಷಯದಲ್ಲಿ ಅವರ ಅಭಿಪ್ರಾಯವನ್ನು ಕೇಳಿದ್ದಾಗಿ ನೀವು ಎಲ್ಲಿಯೂ ಬರೆದಿಲ್ಲ. ತಮ್ಮನೊಡನೆ ಮಾತಾಡಿದ ಮೇಲೂ ಬೇರೆಯಾಗುವುದೇ ಸರಿಯೆಂದು ಕಂಡರೆ ವಕೀಲರ ಬಳಿಗೆ ತಾಯಿಯನ್ನು ಕರೆದುಕೊಂಡು ಮೂವರೂ ಒಟ್ಟಿಗೆ ಹೋಗಿ. ಮಾವ ಜೊತೆಯಲ್ಲಿ ಬರುವುದು ಬೇಡ.