ಆ ಮಡಕೆಚೂರು ಅಲ್ಲೇ ಇರಲಿ

ಪ್ರಶ್ನೆ: ನೈಋತ್ಯ ಟರ್ಕಿಯ ಹಳ್ಳಿಗಳ ಕಡೆ ಪ್ರವಾಸ ಹೊರಟಿದ್ದೇವೆ. ಅಲ್ಲಿನ ಹಾಳೂರುಗಳಲ್ಲಿ ಮಡಕೆಚೂರು, ಹಳೇ ನಾಣ್ಯ ಕಾಲಿಗೆ ತಗಲುತ್ತವಂತೆ. ನೆನಪಿಗೆ ಒಂದೆರಡು ತಂದರೆ ತಪ್ಪೇ?

ತಪ್ಪು. ಎಷ್ಟನೇ ಸಲ ಇದನ್ನು ಬರೆಯುತ್ತಿದ್ದೇನೋ, ಲೆಕ್ಕ ಇಟ್ಟಿಲ್ಲ. 1983ರಲ್ಲಿ ಬಂದ ಟರ್ಕಿಯ 2863ನೇ ಕಾಯ್ದೆಯ ಪ್ರಕಾರ ಇಂಥ ಪ್ರಾಚೀನ ವಸ್ತುಗಳು ಸರ್ಕಾರದ ಸ್ವತ್ತು. ಹೊರದೇಶಕ್ಕೆ ಸಾಗಿಸಿದರೆ 5ರಿಂದ 12 ವರ್ಷ ಸೆರೆಮನೆ. 'ಬೆರಳಗಲದ ಚೂರು ತಾನೇ ಸಾರ್' ಎಂಬುದನ್ನು ವಿಮಾನ ನಿಲ್ದಾಣದಲ್ಲಿ ಹೇಳಿ ನೋಡಿ. ಯಾರಾದರೂ ಜೇಬಿನಿಂದ ನಾಣ್ಯ ತೆಗೆದು ಪಿಸುಗುಟ್ಟಿದರೆ ಮುಂದೆ ನಡೆಯಿರಿ: ನಕಲಿಯಾದರೆ ದುಡ್ಡು ಹೋಯಿತು, ಅಸಲಿಯಾದರೆ ನೀವೇ ಹೋದಿರಿ.

ಕಾನೂನು ಹಾಗಿರಲಿ. ನೀವು ನೋಡಹೊರಟಿರುವುದು ಆ ಸೀಮೆಯಲ್ಲಿ ಹಿಂದೆ ಬಾಳಿದ ಪ್ರಾಚೀನ ಜನ ಲಿಸಿಯನ್ನರ ಗೋರಿಗಳನ್ನು. ಮೈರಾ, ಪಿನಾರಾ, ಫೆತಿಯೆ, ಎಲ್ಲಿ ಹೋದರೂ ಗಮನಿಸಿ: ಕೊರೆದದ್ದು ಬಂಡೆಯಲ್ಲಿ, ಆದರೆ ತೊಲೆ, ಜಂತೆ, ಬಾಗಿಲ ಚೌಕಟ್ಟು ಎಲ್ಲ ಮರದ ಮನೆಯದೇ. ಆ ಮರದ ಮನೆಗಳು ಮಣ್ಣಾದವು; ಲಿಸಿಯನ್ ಬಡಗಿಯ ಕೈಚಳಕ ಉಳಿದಿರುವುದು ಸತ್ತವರ ಮನೆಗಳಲ್ಲಿ. ಇಂಥವನು ಹೆಂಡತಿ ಮಕ್ಕಳಿಗೆಂದು ಇದನ್ನು ಕಟ್ಟಿಸಿದ ಎಂಬ ಬರಹ ಹಲವು ಗೋರಿಗಳ ಮೇಲಿರುತ್ತದೆ. ಕೆಲವದರಲ್ಲಿ ಗೋರಿ ಕೆಡಿಸಿದವನಿಗೆ ದಂಡ, ದೇವತೆಗಳ ಶಾಪ. 'ವಾರಣಾಸಿಯಲ್ಲಿ ಕವಿಲೆಯ ಕೊಂದ ಪಾಪ' ಎಂದು ಮುಗಿಯುವ ನಮ್ಮ ದಾನಶಾಸನ ಓದಿದವರಿಗೆ ಈ ಧಾಟಿ ಪರಿಚಿತ. ಕಳ್ಳರು ಎರಡಕ್ಕೂ ಹೆದರಲಿಲ್ಲ. ಕಲ್ಲಿನ ಶವಪೆಟ್ಟಿಗೆಯ ಪಕ್ಕೆಯಲ್ಲಿ ಕಾಣುವ ತೂತು ಅವರ ಕೆಲಸ. ಒಳಗೇನೂ ಉಳಿದಿಲ್ಲ, ಇಣುಕಿ ಸುಸ್ತಾಗಬೇಡಿ. ಉಳಿದದ್ದು ಸುತ್ತಲಿನ ಚೂರುಗಳು. ಯಾವುದು ಯಾವ ಗೋರಿಯ ಮುಂದೆ ಬಿದ್ದಿದೆ ಎಂಬುದರಿಂದ ಆ ಜಾಗವನ್ನು ಯಾವ ಕಾಲದಲ್ಲಿ ಯಾರು ಬಳಸಿದರೆಂದು ಊಹಿಸುತ್ತೇವೆ. ನಿಮ್ಮ ಶೋಕೇಸು ಸೇರಿದ ಮೇಲೆ ಅದು ಬರೀ ಬೋಕಿ.

'ಬ್ರಿಟಿಷರು ಹಡಗುಗಟ್ಟಲೆ ಒಯ್ದರಲ್ಲ' ಎಂದೂ ಒಬ್ಬರು ವಾದಿಸಿದ್ದಾರೆ. ಒಯ್ದರು. 1840ರ ದಶಕದಲ್ಲಿ ಚಾರ್ಲ್ಸ್ ಫೆಲೋಸ್ ಎಂಬ ಇಂಗ್ಲಿಷ್ ಪ್ರವಾಸಿ ಲಿಸಿಯನ್ನರ ಊರಾದ ಕ್ಸಾಂಥೋಸ್‌ನ ಶಿಲ್ಪಗಳನ್ನು ಲಂಡನ್ನಿಗೆ ಸಾಗಿಸಿದ. ಈಗ ಕ್ಸಾಂಥೋಸ್‌ನ ಹಾರ್ಪಿ ಗೋರಿಯ ಕಂಬದ ಮೇಲೆ ಕಾಣುವುದು ಅಚ್ಚು ತೆಗೆದ ನಕಲುಗಳು. ಮೂಲ ನೋಡಬೇಕೆಂದರೆ ಬ್ರಿಟಿಷ್ ಮ್ಯೂಸಿಯಂ ಇರುವ ಲಂಡನ್ನಿಗೆ ಟಿಕೆಟ್ ತೆಗೆಸಿ. ಅವನ ಸಾಲಿಗೆ ಸೇರುವ ಆಸೆಯೇ?

ಪ್ರಶ್ನೆ: ಬಂಡೆಯ ಗುರುತು ಓದಿ ನಿಧಿಯ ಜಾಗ ಹೇಳುವ ವಿಡಿಯೊಗಳು ನಿಜವೇ?

ಬೊಗಳೆ. ಹೀಗೆ ನಿಧಿ ಹುಡುಕುವವರನ್ನು ಟರ್ಕಿಯಲ್ಲಿ 'ದೆಫಿನೆಜಿ' ಎನ್ನುತ್ತಾರೆ, ನಮ್ಮಲ್ಲಿ ನಿಧಿಗಳ್ಳರು. ಲಿಂಗ ಕಿತ್ತು ಗುಂಡಿ ತೋಡುವವರೂ ಗೋರಿಗೆ ಸಿಡಿಮದ್ದು ಇಡುವವರೂ ಒಂದೇ ಕುಲ.

ಪ್ರಶ್ನೆ: ತಲೆಗೆ ಸ್ಕಾರ್ಫ್ ಕಡ್ಡಾಯವೇ?

ಮಸೀದಿಯೊಳಗೆ ಹೆಂಗಸರಿಗೆ ಹೌದು. ಪಾಳುಗಳಲ್ಲಿ ಟೋಪಿ ಹಾಕಿ, ನೆರಳಿರುವುದಿಲ್ಲ.

ಪ್ರಶ್ನೆ: ಸಂಜೆ ಹೊತ್ತು ಗೋರಿಗಳ ಬಳಿ ದೆವ್ವದ ಭಯ ಇದೆಯೇ?

ನಾಯಿಯ ಭಯ ಇದೆ. ಕುರಿಮಂದೆ ಕಂಡರೆ ಸುತ್ತು ಹಾಕಿ ಹೋಗಿ. ಕಾವಲು ನಾಯಿಗೂ ಕುರಿಗೂ ನಡುವೆ ನಿಂತು ಫೋಟೊ ತೆಗೆಯಬೇಡಿ. ಓಡಲಂತೂ ಬೇಡಿ. ಕುರುಬನನ್ನು ಕೂಗಿ.